ಕೈ ಮೊದಲು, ಕಾಲು ಆಮೇಲೆ

ನಾನು ಟೀವಿಯ ಕಾರ್ಟೂನುಗಳಿಗೆ ಚಿತ್ರ ಬರೆಯುವವಳು. ನಮ್ಮೂರಿನಲ್ಲಿ ಇದನ್ನು ಹೇಳಿದರೆ ಎದುರಿಗಿದ್ದವರು ಶಾಲೆಯ ಗೋಡೆಗೆ ಬಣ್ಣ ಬಳಿಯುವ ಕೆಲಸ ಬಂದರೆ ತಿಳಿಸುತ್ತೇವೆ ಎನ್ನುತ್ತಾರೆ. ತಿರ್ಲಾಪುರದ ಆಚೆಗೆ, ಹತ್ತಿ ಹೊಲಗಳ ನಡುವೆ ಇರುವ ಊರು ನಮ್ಮದು. ಪುಣೆಯ ಸ್ಟುಡಿಯೋದವರು ಆಫೀಸು ಖಾಲಿ ಮಾಡಿ, ಇನ್ನು ಎಲ್ಲರೂ ಮನೆಯಿಂದಲೇ ಕೆಲಸ ಮಾಡಿ ಎಂದಾಗ, ಕಂಪ್ಯೂಟರು, ಬರೆಯುವ ಪರದೆ, ಎರಡು ಬ್ಯಾಟರಿ ಹೊತ್ತುಕೊಂಡು ಅವ್ವನ ಮನೆಗೆ ಬಂದೆ. ಬಂದು ನಾಲ್ಕು ವರ್ಷ ದಾಟಿತು. ಯಾರಾದರೂ ಮದುವೆಯ ಮಾತು ತೆಗೆದರೆ, ಕರೆಂಟು ಬಂತು, ಕೆಲಸ ಇದೆ ಎಂದು ಎದ್ದು ಹೋಗುವುದನ್ನು ಕಲಿತಿದ್ದೇನೆ.

ನನ್ನ ಕೆಲಸ ನಡಿಗೆ. ಮುಖ ಬರೆಯುವವರು ಬೇರೆ, ಬಣ್ಣ ತುಂಬುವವರು ಬೇರೆ. ಆ ಮುಖದವರು ಹೇಗೆ ನಡೆಯುತ್ತಾರೆ, ಹೇಗೆ ಓಡುತ್ತಾರೆ, ಹೇಗೆ ಮೆಟ್ಟಿಲು ಹತ್ತುತ್ತಾರೆ ಎನ್ನುವುದು ನನ್ನ ಪಾಲಿಗೆ ಬರುತ್ತದೆ. ಎಡಗಾಲಿಗೆ ಆರು ಚಿತ್ರ, ಬಲಗಾಲಿಗೆ ಆರು. ಹನ್ನೆರಡು ಬರೆದು ಅವನ್ನೇ ತಿರುಗಿಸಿ ತಿರುಗಿಸಿ ಹಾಕಿದರೆ ರಾಜನಾದರೂ ಸರಿ, ಕಳ್ಳನಾದರೂ ಸರಿ, ಎಷ್ಟು ದೂರ ಬೇಕೋ ಅಷ್ಟು ದೂರ ನಡೆಯುತ್ತಾನೆ.

ನಮ್ಮ ಕಸುಬಿನವರಿಗೆ ಒಂದು ಚಟ ಇದೆ. ದಿನವಿಡೀ ಚಿತ್ರ ಬರೆದು ಕೈ ಸೋತವರು ಬಿಡುವು ಸಿಕ್ಕರೆ ಮತ್ತೆ ಚಿತ್ರವನ್ನೇ ಬರೆಯುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಕುಳಿತು ಒಂದೇ ಕಾರ್ಟೂನಿಗೆ ದುಡಿಯುವ ನಾವು ಐದು ಜನ ಭಾನುವಾರ ಬೆಳಿಗ್ಗೆ ವಿಡಿಯೋ ಕರೆಯಲ್ಲಿ ಸೇರುತ್ತಿದ್ದೆವು. ಕಂಪನಿಯ ಹೊತ್ತು ಮುಗಿದ ಮೇಲೆ ತಮ್ಮ ಪಾಡಿಗೆ ತಾವು ಮಾಡಿಕೊಂಡದ್ದನ್ನು ಒಬ್ಬರಿಗೊಬ್ಬರು ತೋರಿಸುವುದು. ಒಬ್ಬಾಕೆ ತನ್ನ ಬಾಡಿಗೆ ಮನೆಯ ಇರುವೆಗಳ ಕಥೆಯನ್ನು ಚಿತ್ರಗಳಲ್ಲಿ ಬರೆಯುತ್ತಿದ್ದಳು. ಇನ್ನೊಬ್ಬ ಹರಿದ ಕಾಲುಚೀಲಗಳಿಂದ ಗೊಂಬೆ ಮಾಡಿ ಕುಣಿಸುತ್ತಿದ್ದ. ಗುಂಪಿಗೆ ಹೆಸರು ಬೇಕು ಎಂದಾಗ ನಾನು ‘ಸ್ವಂತದ್ದು’ ಎಂದೆ. ಕನ್ನಡ ಬಾರದವರೂ ಒಪ್ಪಿಕೊಂಡರು. ಆ ಹೆಸರಿಟ್ಟವಳು ನಾನೇ ಎಂಬುದು ಈಗ ನೆನಪಾದರೆ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ.

ನನ್ನ ಸ್ವಂತದ್ದು ದೊಡ್ಡವ್ವನ ನಡಿಗೆ. ದೊಡ್ಡವ್ವ ಎಂದರೆ ಅಪ್ಪನ ಅಣ್ಣನ ಹೆಂಡತಿ. ಒಂದೇ ಅಂಗಳಕ್ಕೆ ಎದುರು ಬದುರಾಗಿ ಎರಡು ಮನೆ. ಅತ್ತ ಆಕೆ, ಆಕೆಯ ಮಗ, ಸೊಸೆ, ಆರು ವರ್ಷದ ಮೊಮ್ಮಗಳು. ಇತ್ತ ಅವ್ವ ಮತ್ತು ನಾನು. ಎಳವೆಯಲ್ಲಿ ಪೋಲಿಯೋ ಬಂದು ದೊಡ್ಡವ್ವನ ಎಡಗಾಲು ಸೊರಗಿದೆ. ಆ ಕಾಲಿನ ಸರದಿ ಬಂದಾಗ ಎಡಗೈಯನ್ನು ತೊಡೆಯ ಮೇಲೆ ಒತ್ತಿ, ಮೈಯ ಭಾರವನ್ನು ಕೈಗೆ ದಾಟಿಸಿ, ಹೆಜ್ಜೆ ಮುಗಿಸುತ್ತಾಳೆ. ಹೀಗೆ ನಡೆದೇ ಹೊಲದಲ್ಲಿ ಹತ್ತಿ ಬಿಡಿಸಿದಳು, ಹೀಗೆ ನಡೆದೇ ನನ್ನನ್ನು ಬಗಲಲ್ಲಿ ಎತ್ತಿಕೊಂಡು ಬಾಲವಾಡಿಗೆ ಬಿಟ್ಟು ಬಂದಳು. ಚಿಕ್ಕಂದಿನಲ್ಲಿ ಎಲ್ಲರ ದೊಡ್ಡವ್ವಂದಿರೂ ಹೀಗೇ ನಡೆಯುತ್ತಾರೆ ಎಂದುಕೊಂಡಿದ್ದೆ.

ಪ್ರತಿ ಸೋಮವಾರ ಆಕೆ ಬಾಜು ಊರಿನ ಮಠದ ಅಜ್ಜನವರ ಗದ್ದುಗೆಗೆ ಹೋಗುತ್ತಿದ್ದಳು. ಒಂದು ಮಠಕ್ಕೋ ಗದ್ದುಗೆಗೋ ಭಕ್ತರಾಗಿರುವುದಕ್ಕೆ ನಮ್ಮ ಕಡೆ ‘ನಡಕೊಳ್ಳುವುದು’ ಎನ್ನುತ್ತಾರೆ. ನಮ್ಮ ಮನೆತನದವರೆಲ್ಲ ಆ ಗದ್ದುಗೆಗೆ ನಡಕೊಳ್ಳುವವರೇ, ಆದರೆ ಹೋಗುವುದು ಮೋಟರ್ ಸೈಕಲ್ ಮೇಲೆ. ದೊಡ್ಡವ್ವ ಮಾತ್ರ ಒಂದೂವರೆ ತಾಸಿನ ದಾರಿಯನ್ನು ಕಾಲಿನಲ್ಲೇ ಹೋಗುತ್ತಿದ್ದಳು. ಮಗ ಗಾಡಿ ತೆಗೆದು ನಿಂತರೆ ಅವನನ್ನು ಸರಿಸಿ ಮುಂದೆ ನಡೆಯುತ್ತಿದ್ದಳು.

“ಗಾಡಿ ಮ್ಯಾಲ ಕುಂತು ಹೋದ್ರ ನಡಕೊಂಡಂಗ ಹೆಂಗ ಆಗ್ತತಿ? ಅದು ಗಾಡಿ ನಡಕೊಂಡಂಗ ಆತು.”

ನಾನು ಮಾಡಲು ಹೊರಟದ್ದು ಇಷ್ಟೇ: ಎರಡು ನಿಮಿಷದ ಚಿತ್ರ. ಇಳಕಲ್ ಸೀರೆಯ ಹೆಂಗಸೊಬ್ಬಳು ಚೀಲದಲ್ಲಿ ಕಾಯಿ, ಎಣ್ಣೆ ಬಾಟಲಿ ಇಟ್ಟುಕೊಂಡು ಹೊಸ್ತಿಲು ದಾಟಿ, ಕಪ್ಪು ಎರಿ ಹೊಲಗಳ ನಡುವಿನ ದಾರಿ ಹಿಡಿದು ಗದ್ದುಗೆಯ ಕಟ್ಟೆ ಮುಟ್ಟುತ್ತಾಳೆ. ಮಾತಿಲ್ಲ, ಕಥೆಯೂ ಇಲ್ಲ. ಬೆಳಿಗ್ಗೆ ಆರರಿಂದ ಎಂಟೂವರೆ ನನ್ನ ಹೊತ್ತು. ಒಂಬತ್ತಕ್ಕೆ ಕಂಪನಿಯ ಗೊಂಬೆಗಳು ಕಾಯುತ್ತಿರುತ್ತಿದ್ದವು.

ಮೊದಲ ದಿನ ಫೋನು ಹಿಡಿದು ಆಕೆಯ ನಡಿಗೆಯನ್ನು ವಿಡಿಯೋ ತೆಗೆಯಲು ಹೋದೆ. ನಮ್ಮ ಕಸುಬಿನಲ್ಲಿ ಎಲ್ಲರೂ ಹಾಗೆಯೇ ಮಾಡುತ್ತಾರೆ. ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡಿ ಬರೆಯುವುದು. ದೊಡ್ಡವ್ವ ಅಂಗಳದ ನಡುವೆ ನಿಂತುಬಿಟ್ಟಳು.

“ಫೋನ್ ಒಳಗ ಇಡು.”

“ಯಾಕ ಬೇ?”

“ಅದು ಊರ ತುಂಬ ತಿರಗತೈತಿ. ನೋಡಿದವರು ನಗತಾರ. ಕೈಲೆ ಬರೀತಿದ್ರ ಬರಿ. ನೀ ಎಷ್ಟ ಸಲ ನಡಿ ಅಂತಿ, ಅಷ್ಟ ಸಲ ನಡೀತೇನಿ.”

“ಯಾರೂ ನಗೂದಿಲ್ಲ ದೊಡ್ಡವ್ವ. ನಾ ಬರದದ್ದನ್ನ ನೋಡಿ ಯಾರೂ ನಗೂದಿಲ್ಲ.”

ಆಕೆ ಆಣೆ ಕೇಳಿರಲಿಲ್ಲ. ನಾನಾಗಿಯೇ ಮಾತು ಕೊಟ್ಟೆ.

ನಡೆದಳು. ಸೀರೆ ಒಣಹಾಕುವ ನೆಪದಲ್ಲಿ, ನೀರು ತರುವ ನೆಪದಲ್ಲಿ, ಕಡೆಗೆ ಯಾವ ನೆಪವೂ ಇಲ್ಲದೆ ನನ್ನ ಮುಂದೆ ಅಂಗಳದಲ್ಲಿ ಅತ್ತಿಂದಿತ್ತ ನಡೆದಳು. ನಾನು ಕಟ್ಟೆಯ ಮೇಲೆ ಕುಳಿತು ಪರದೆಯ ಮೇಲೆ ಬರೆಯುತ್ತಿದ್ದೆ. ಆಕೆಯ ಎಡಗಾಲಿಗೆ ಆರು ಚಿತ್ರ ಸಾಲಲಿಲ್ಲ, ಒಂಬತ್ತು ಬೇಕಾಯಿತು. ಒಂಬತ್ತು ಬರೆದರೂ ಏನೋ ತಪ್ಪುತ್ತಿತ್ತು. ಪರದೆಯ ಮೇಲೆ ಆಡಿಸಿದರೆ ಆಕೆ ನಡೆದಂತೆ ಕಾಣುತ್ತಿರಲಿಲ್ಲ, ತೊಡೆಗೆ ಠಪ್ ಠಪ್ ಎಂದು ಹೊಡೆದುಕೊಂಡಂತೆ ಕಾಣುತ್ತಿತ್ತು. ಎರಡು ವರ್ಷ ತಿದ್ದಿದೆ. ಒಂದು ಬೆಳಿಗ್ಗೆ ತಲೆ ಕೆಟ್ಟು ಪರದೆಯನ್ನೇ ಆಕೆಯ ಮುಂದೆ ಹಿಡಿದೆ. ದೊಡ್ಡವ್ವ ಕಣ್ಣು ಕಿರಿದು ಮಾಡಿ ನಾಲ್ಕು ಸಲ ನೋಡಿದಳು.

“ಕೈ ಮೊದಲು ಲೇ. ನೀ ಎರಡನ್ನೂ ಕೂಡೇ ಇಟ್ಟಿ. ಕೈ ಹೇಳಿದ ಮ್ಯಾಲ ಕಾಲ ಕೇಳತೈತಿ.”

ಕಾಲು ನೆಲ ಮುಟ್ಟುವುದಕ್ಕೆ ಒಂದು ಚಿತ್ರ ಮುಂಚೆ ಕೈ ತೊಡೆ ಮುಟ್ಟಬೇಕು. ಸೆಕೆಂಡಿನ ಹನ್ನೆರಡರಲ್ಲಿ ಒಂದು ಪಾಲು. ಅಷ್ಟನ್ನು ಸರಿಸಿದ ಕೂಡಲೇ ದೊಡ್ಡವ್ವ ಪರದೆಯ ಮೇಲೆ ನಡೆದು ಬಂದಳು. ಆಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನೋಡಿದಳು. “ಅಗದಿ ನಾನ,” ಎಂದಳು. ನನ್ನ ಹದಿಮೂರು ವರ್ಷದ ಕಸುಬಿನಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ಯಾರೂ ನನಗೆ ಹೇಳಿಲ್ಲ.

ಭಾನುವಾರದ ಗುಂಪಿಗೆ ನಾನು ಆ ನಡಿಗೆಯನ್ನು ತೋರಿಸಲಿಲ್ಲ. ದಾರಿ, ಜಾಲಿ ಗಿಡ, ಒಡೆದ ಎರಿ ನೆಲ, ಇಷ್ಟನ್ನೇ ತೋರಿಸುತ್ತಿದ್ದೆ. ಪೂರ್ತಿಯಾದ ಮೇಲೆ ಒಮ್ಮೆಲೇ ತೋರಿಸಿ ಬಾಯಿ ಮುಚ್ಚಿಸಬೇಕು ಎಂಬ ಜಂಬ.

ಆ ವರ್ಷ ದೀಪಾವಳಿಯ ಮುಂಚೆ ಕಂಪನಿಯಲ್ಲಿ ಕೆಲಸ ಮೈಮೇಲೆ ಬಿತ್ತು. ಕಾರ್ಟೂನಿಗೆ ಹೊಸದಾಗಿ ಒಬ್ಬ ಮುದುಕಿ ಮಾಟಗಾತಿ ಬಂದಿದ್ದಳು. ಹಸಿರು ಮೂಗು, ನೇರಳೆ ಲಂಗ. ನಾನು ಬರೆದುಕೊಟ್ಟ ಮೂರು ನಡಿಗೆಗಳನ್ನು ಮೇಲಿನವರು ವಾಪಸ್ಸು ಕಳಿಸಿದರು. ಸಪ್ಪೆಯಾಗಿವೆ, ಇವಳು ಬಂದಳೆಂದರೆ ಮಕ್ಕಳಿಗೆ ಗೊತ್ತಾಗಬೇಕು, ಸಂಜೆಯೊಳಗೆ ಬೇರೆ ಕೊಡಿ ಎಂದರು. ಮಧ್ಯಾಹ್ನ ಮೂರು ದಾಟಿತ್ತು. ನಾನು ನನ್ನ ಸ್ವಂತದ್ದರ ಕಡತ ತೆರೆದು ದೊಡ್ಡವ್ವನ ನಡಿಗೆಯನ್ನು ಎತ್ತಿಕೊಂಡೆ. ಸೀರೆ ತೆಗೆದು ಲಂಗ ಹಾಕಿದೆ, ಬೆನ್ನನ್ನು ಇನ್ನಷ್ಟು ಬಾಗಿಸಿದೆ, ಕೈಯನ್ನು ದೊಡ್ಡದು ಮಾಡಿದೆ. ಒಂದು ತಾಸಿನ ಕೆಲಸ.

ಅವಸರಕ್ಕೆ ಹಾಗಾಯಿತು ಎಂದರೆ ಅರ್ಧ ಸುಳ್ಳು. ಎರಡು ವರ್ಷ ಒದ್ದಾಡಿ ಹಿಡಿದದ್ದನ್ನು ಯಾರಾದರೂ ನೋಡಿ ಹೊಗಳಲಿ ಎಂಬ ಆಸೆ ನನಗೆ ಇತ್ತು. ಹೊಗಳಿದರು ಕೂಡ. ಮೇಲಿನವರು ಫೋನು ಮಾಡಿ, ಇದನ್ನು ಎಲ್ಲಿಂದ ತಂದಿರಿ, ನಗು ತಡೆಯಲಾಗುತ್ತಿಲ್ಲ ಎಂದರು. ಕೈ ತೊಡೆಗೆ ಬಿದ್ದಾಗಲೆಲ್ಲ ಒಂದು ಸದ್ದು ಕೊಡೋಣ ಎಂದರು. ನಾನು ಆಗಲಿ ಎಂದೆ.

ಬರೆದದ್ದು ಟೀವಿಗೆ ಬರಲು ತಿಂಗಳುಗಳು ಹಿಡಿಯುತ್ತವೆ. ಅಷ್ಟರಲ್ಲಿ ನಾನು ನನಗೇ ಸಮಾಧಾನ ಹೇಳಿಕೊಂಡಿದ್ದೆ: ಮೂಗು ಹಸಿರು, ಲಂಗ ನೇರಳೆ, ಯಾರಿಗೆ ಗೊತ್ತಾಗುತ್ತದೆ. ಬೇಸಿಗೆ ರಜೆಯಲ್ಲಿ ಆ ಕಂತು ಬಂತು. ಅವ್ವನಿಗೆ ಈ ಕಾರ್ಟೂನು ನನ್ನದು ಎಂಬ ಹೆಮ್ಮೆ. ಸಂಜೆ ನಾಲ್ಕಕ್ಕೆ ಎದುರು ಮನೆಯವರನ್ನು ಕರೆದು ಟೀವಿಯ ಮುಂದೆ ಕೂಡಿಸುವುದು ಆಕೆಯ ರೂಢಿ. ದೊಡ್ಡವ್ವ ನೆಲದ ಮೇಲೆ ಕಾಲು ಚಾಚಿ ಕುಳಿತು ಶೇಂಗಾ ಸುಲಿಯುತ್ತಿದ್ದಳು. ಮೊಮ್ಮಗಳು ಟೀವಿಗೆ ಮೂಗು ತಾಗುವಷ್ಟು ಹತ್ತಿರ. ನಾನು ಬಾಗಿಲ ಬಳಿ ಚಹಾ ಹಿಡಿದು ನಿಂತಿದ್ದೆ.

ಮಾಟಗಾತಿ ಗುಡ್ಡದ ಹಿಂದಿನಿಂದ ಬಂದಳು. ಠಪ್. ಹೆಜ್ಜೆ. ಠಪ್. ಹೆಜ್ಜೆ.

ಮೊಮ್ಮಗಳು ತಿರುಗಿ ನೋಡಿದಳು. ಅವಳ ಮುಖದಲ್ಲಿ ಇದ್ದದ್ದು ಬರೀ ಸಂತೋಷ.

“ಆಯಿ, ನೋಡಬೇ, ನೀ ಟೀವ್ಯಾಗ ಬಂದಿ.”

ಆಮೇಲೆ ಅವಳು ಎದ್ದು ತನ್ನ ಪುಟ್ಟ ತೊಡೆಗೆ ಕೈ ಹೊಡೆಯುತ್ತ, ಠಪ್ ಠಪ್ ಎನ್ನುತ್ತ ಕೋಣೆಯಲ್ಲಿ ಸುತ್ತು ಹಾಕಿದಳು. ಅವ್ವ ಮೊದಲು ನಕ್ಕಳು, ಆಮೇಲೆ ನನ್ನ ಮುಖ ನೋಡಿ ನಿಲ್ಲಿಸಿದಳು. ದೊಡ್ಡವ್ವ ಕೂಡ ನಕ್ಕಳು, ಸ್ವಲ್ಪವೇ, ಮಗುವಿನ ಮನಸ್ಸು ನೋಯಬಾರದು ಎಂಬಷ್ಟು. ನನ್ನ ಕಡೆ ನೋಡಲಿಲ್ಲ. ಕಂತು ಮುಗಿಯುವ ತನಕ ಶೇಂಗಾ ಸುಲಿದು, ಸಿಪ್ಪೆಯನ್ನು ಒಟ್ಟು ಮಾಡಿ ಎದ್ದಳು. ಬಾಗಿಲ ಬಳಿ ಆಕೆಯ ಎಡಗೈ ತೊಡೆಯ ಕಡೆಗೆ ಹೋಯಿತು, ನಡುವೆ ನಿಂತಿತು. ಆ ಕೈಯಲ್ಲಿ ಸೆರಗನ್ನು ಮುಷ್ಟಿ ಮಾಡಿ ಹಿಡಿದು, ಬಲಗೈಯಿಂದ ಗೋಡೆ ಹಿಡಿದುಕೊಂಡು ಅಂಗಳ ದಾಟಿದಳು. ಇಪ್ಪತ್ತು ಹೆಜ್ಜೆಯ ಅಂಗಳ. ನನ್ನ ಕೈಯಲ್ಲಿದ್ದ ಚಹಾ ಆರಿತು.

ವಾರದೊಳಗೆ ಓಣಿಯ ಮಕ್ಕಳೆಲ್ಲ ಠಪ್ ಠಪ್ ಆಟ ಆಡತೊಡಗಿದರು. ಅವರ ತಪ್ಪಲ್ಲ, ಊರೂರಿನ ಮಕ್ಕಳು ಆಡುತ್ತಿದ್ದ ಆಟವೇ ಅದು. ದೊಡ್ಡವ್ವ ಎಲ್ಲಿಂದಲೋ ಒಂದು ಕೋಲು ತರಿಸಿಕೊಂಡು ಎಡಗೈಯಲ್ಲೇ ಹಿಡಿದಳು. ಆ ಕೋಲಿನಿಂದ ಕಾಲಿಗೆ ಏನೂ ಆಸರೆ ಇರಲಿಲ್ಲ, ಕೈಗೆ ಬೇರೊಂದು ಕೆಲಸ ಬೇಕಿತ್ತು ಅಷ್ಟೇ. ಸೋಮವಾರ ಬೆಳಿಗ್ಗೆ ನಾನು ಪರದೆಯ ಮುಂದೆ ಕುಳಿತಿದ್ದಾಗ ಅಂಗಳದಲ್ಲಿ ಗಾಡಿ ಚಾಲೂ ಆದ ಸದ್ದು ಕೇಳಿತು. ಕಿಟಕಿಯಿಂದ ನೋಡಿದೆ. ಮಗನ ಹಿಂದೆ ಒಂದು ಬದಿಗೆ ಕುಳಿತು, ಚೀಲವನ್ನು ಎದೆಗೆ ಒತ್ತಿಕೊಂಡು ದೊಡ್ಡವ್ವ ಗದ್ದುಗೆಗೆ ಹೊರಟಿದ್ದಳು.

ಅಂದು ಮಧ್ಯಾಹ್ನ ಹೋಗಿ ಆಕೆಯ ಮುಂದೆ ಕುಳಿತೆ.

“ದೊಡ್ಡವ್ವ, ನಂದು ತಪ್ಪಾತು.”

“ಯಾವ್ದು?”

“ಆ ಟೀವಿ ಮುದಕಿಗೆ ನಿನ್ನ ನಡಿಗಿ ಹಾಕಿದ್ದು.”

ಆಕೆ ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಳು. ಆರಿಸುತ್ತಲೇ ಇದ್ದಳು.

“ಅದು ನಿನ್ನ ನೌಕರಿ. ಅವರು ಕೇಳಿದ್ರು, ನೀ ಕೊಟ್ಟಿ.”

“ಅವರು ನಿನ್ನ ನಡಿಗಿ ಕೇಳಿರಲಿಲ್ಲ ಬೇ. ನಾನ ಕೊಟ್ಟೆ.”

ಆಗ ತಲೆ ಎತ್ತಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಎಷ್ಟೋ ಹಗುರಾಗುತ್ತಿದ್ದೆ.

“ನೀ ನಡಕೊಂಡ ರೀತಿ ಸರಿ ಇಲ್ಲ,” ಎಂದಳು. ಮತ್ತೊಂದು ಕಲ್ಲು ಎತ್ತಿ ಹಾಕಿ, “ನಿನ್ನ ಸ್ವಂತದ್ದು ಯಾವಾಗ ಮುಗೀತೈತಿ? ಅದರಾಗ ನಗೂದು ಇಲ್ಲಲ್ಲ?”

“ಇಲ್ಲ.”

“ಹಂಗಾರ ಲಗೂ ಮುಗಸು. ಆ ಹುಡುಗಿಗೆ ಅದನ್ನ ತೋರಸೂಣು. ಆಯಿ ಹೆಂಗ ನಡೀತಾಳಂತ ಅದೂ ನೋಡಲಿ.”

ಹೀಗೆ ಆಕೆ ನನಗೆ ಇನ್ನೊಂದು ಅವಕಾಶ ಕೊಟ್ಟಳು. ಬೆಳಗಿನ ಹೊತ್ತಿನ ಜೊತೆಗೆ ಸಂಜೆಯ ಹೊತ್ತನ್ನೂ ಹಾಕಿ ಆ ಎರಡು ನಿಮಿಷವನ್ನು ಮುಗಿಸಿದೆ. ಮುಗಿದ ಭಾನುವಾರ ಗುಂಪಿಗೆ ತೋರಿಸಿದೆ. ಹೊಸ್ತಿಲು, ಅಂಗಳ, ಬೆಳಗಿನ ಬಿಸಿಲು. ಇಳಕಲ್ ಸೀರೆಯ ಹೆಂಗಸು ಮೊದಲ ಹೆಜ್ಜೆ ಇಟ್ಟಳು, ಕೈ ತೊಡೆಗೆ ಹೋಯಿತು. ನಾಲ್ವರೂ ಒಟ್ಟಿಗೆ ನಕ್ಕರು. ಕಾಲುಚೀಲದ ಗೊಂಬೆಯವನು, ನಮ್ಮ ಮಾಟಗಾತಿ ಸೀರೆ ಉಟ್ಟು ಎಲ್ಲಿಗೆ ಹೊರಟಳು ಎಂದ. ಇರುವೆಯ ಹುಡುಗಿ, ಮಾಟಗಾತಿಯ ಮೇಲೆ ಬೇರೆ ಚಿತ್ರ ಮಾಡಲು ಕಂಪನಿಯವರು ಬಿಡುತ್ತಾರೆಯೇ ಎಂದು ನಿಜವಾದ ಕಾಳಜಿಯಿಂದ ಕೇಳಿದಳು. ಯಾರಲ್ಲೂ ಕೆಟ್ಟತನ ಇರಲಿಲ್ಲ. ಇವಳು ಮೊದಲು, ಮಾಟಗಾತಿ ಆಮೇಲೆ ಎಂದು ಹೇಳಲು ಬಾಯಿ ತೆರೆದೆ. ಹಾಗೆ ಹೇಳಿದರೆ ಇವಳು ಯಾರು ಎಂದು ಕೇಳುತ್ತಾರೆ. ನೆಟ್‌ವರ್ಕು ಸರಿ ಇಲ್ಲ ಎಂದು ಕರೆ ಕಡಿದೆ.

ಅದಾದ ಮೇಲೆ ನಾನು ಮಾಡಿದ್ದನ್ನು ಇವತ್ತಿಗೂ ಯಾರಿಗೂ ಸರಿಯಾಗಿ ವಿವರಿಸಲಾರೆ. ಇಡೀ ಚಿತ್ರದಲ್ಲಿ ಆಕೆಯ ನಡಿಗೆಯನ್ನು ನೇರ ಮಾಡಿದೆ. ಎಡಕ್ಕೆ ಆರು, ಬಲಕ್ಕೆ ಆರು. ಎಡಗೈ ತೊಡೆ ಬಿಟ್ಟು ಪಕ್ಕದಲ್ಲಿ ಹಗುರಾಗಿ ಬೀಸಿತು. ಇನ್ನು ಯಾರೂ ನಗುವುದಿಲ್ಲ, ಕೊಟ್ಟ ಮಾತು ಉಳಿಯಿತು ಎಂದುಕೊಂಡೆ. ನನ್ನದೊಂದು ಕೆಟ್ಟ ರೂಢಿ ಇದೆ, ಹಳೆಯ ಚಿತ್ರದ ಮೇಲೆಯೇ ತಿದ್ದಿ ಅದೇ ಹೆಸರಿನಲ್ಲಿ ಉಳಿಸುವುದು. ಒಂಬತ್ತು ಚಿತ್ರಗಳೂ ಹಾಗೆ ಅಳಿದವು. ಕಾಗದದ ಮೇಲೆ ನಾನು ಏನನ್ನೂ ಬರೆದಿರಲಿಲ್ಲ.

ಒಂದು ಸೋಮವಾರ ದೊಡ್ಡವ್ವ ಗಾಡಿಯಿಂದ ಇಳಿದು, ಹಣೆಯ ವಿಭೂತಿ ಇನ್ನೂ ಹಸಿಯಿದ್ದಾಗಲೇ ಕಟ್ಟೆಯ ಮೇಲೆ ಬಂದು ಕುಳಿತಳು. ಮೊಮ್ಮಗಳು ಶಾಲೆಗೆ ಹೋಗಿದ್ದಳು. ಮೊದಲು ತಾನು ನೋಡುತ್ತೇನೆ, ಆಮೇಲೆ ಮಗುವಿಗೆ ತೋರಿಸೋಣ ಎಂದಳು. ಪರದೆಯನ್ನು ಆಕೆಯ ತೊಡೆಯ ಮೇಲೆ ಇಟ್ಟು ಹಚ್ಚಿದೆ. ದಾರಿ ನೋಡಿ ತಲೆಯಾಡಿಸಿದಳು. ಜಾಲಿ ಗಿಡದ ಗುರುತು ಹಿಡಿದಳು. ಗದ್ದುಗೆಯ ಕಟ್ಟೆ ಬಂದಾಗ ಕೈ ಮುಗಿದಳು. ಪರದೆ ಕಪ್ಪಾದ ಮೇಲೂ ಕಾಯುತ್ತ ಕುಳಿತಿದ್ದಳು.

“ಮುಗೀತ?”

“ಮುಗೀತು ಬೇ.”

“ನಾ ಬರಲೇ ಇಲ್ಲಲ್ಲ.”

“ಇಕಿನ ನೀ ದೊಡ್ಡವ್ವ. ಸೀರಿ ನೋಡು, ಚೀಲ ನೋಡು.”

“ಸೀರಿ ನಂದ. ಚೀಲಾನೂ ನಂದ. ಒಳಗಿದ್ದಾಕಿ ಯಾರು?”

ನಾನು ಎಲ್ಲವನ್ನೂ ಹೇಳಿದೆ. ನಾಲ್ವರು ನಕ್ಕದ್ದು, ಕರೆ ಕಡಿದದ್ದು, ತಿದ್ದಿದ್ದು. ಹೇಳುವಾಗ ಅಳು ಬಂತು, ಅತ್ತೆ. ಆಕೆ ಅಳುವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ.

“ಅವರು ನಕ್ಕರಂತ ನೀ ನನ್ನ ತಗದ ಬಿಟ್ಟಿ.”

ನಾನು ಕಣ್ಣು ಒರೆಸಿಕೊಂಡೆ.

“ಮೊದಲಿಂದು ತೋರಸು.”

“ಇಲ್ಲ. ಅದರ ಮ್ಯಾಲ ಬರದೆ.”

ದೊಡ್ಡವ್ವ ಪರದೆಯನ್ನು ನನ್ನ ಕೈಗೆ ಕೊಟ್ಟು ಎದ್ದಳು. ಕೋಲನ್ನು ಗೋಡೆಗೆ ಒರಗಿಸಿದಳು. “ತಡಿ. ನಡೀತೇನಿ. ಬರಕೋ,” ಎಂದು ಅಂಗಳಕ್ಕೆ ಇಳಿದಳು. ನಾನು ಪೆನ್ನು ಹಿಡಿದೆ. ಬಲಗಾಲು ಹೋಯಿತು. ಎಡಗಾಲಿನ ಸರದಿ ಬಂದಾಗ ಆಕೆ ತನ್ನ ಕೈಯನ್ನು ನೋಡಿಕೊಂಡಳು, ಕಾಲನ್ನು ನೋಡಿಕೊಂಡಳು. ಕೈಯೂ ಕಾಲೂ ಕೂಡಿಯೇ ಬಿದ್ದವು. ಠಪ್. ನಾನು ಮೊದಮೊದಲು ತಪ್ಪಾಗಿ ಬರೆಯುತ್ತಿದ್ದೆನಲ್ಲ, ಅದೇ ನಡಿಗೆ.

ವಾಪಸ್ಸು ಬಂದು ಮತ್ತೆ ನಡೆದಳು. ಮತ್ತೆ ಠಪ್. ಮೂರನೆಯ ಸಲ ಜೋಲಿ ಹೋಗಿ ಕಂಬ ಹಿಡಿದಳು. ಎದ್ದು ಓಡಿದೆ, ಆದರೆ ಆಕೆ ಹತ್ತಿರ ಬರಬೇಡ ಎಂದು ಕೈ ತೋರಿಸಿದಳು. ದೊಡ್ಡವ್ವನ ಮುಖದಲ್ಲಿ ಹೆದರಿಕೆಯನ್ನು ನಾನು ಅಂದೇ ಮೊದಲು ಕಂಡದ್ದು. ಎಳವೆಯಿಂದ ಯಾರೂ ಕಲಿಸದೆ ಬಂದದ್ದು ನಾಲ್ಕು ತಿಂಗಳಲ್ಲಿ ಕೈ ಬಿಟ್ಟು ಹೋಗಿತ್ತು.

ಗೋಡೆ ಹಿಡಿದು ಬಂದು ನನ್ನ ಪಕ್ಕದಲ್ಲಿ ಕುಳಿತಳು. ಉಸಿರು ಸುಧಾರಿಸಿಕೊಳ್ಳಲು ಹೊತ್ತು ಹಿಡಿಯಿತು.

“ಆ ಟೀವಿ ಮುದಕಿ ನಿನ್ನ ಕಡೆ ಇರಬೇಕಲ್ಲ?”

“ಅದಾಳ.”

“ಹಚ್ಚು ಆಕಿನ್ನ. ನಾ ಹೆಂಗ ನಡೀತಿದ್ನಿ ನೋಡೂಣು.”

ಕಂಪನಿಯ ಕಡತ ತೆರೆದೆ. ಸದ್ದನ್ನು ಬಂದ್ ಮಾಡಿದೆ. ಹಸಿರು ಮೂಗಿನ, ನೇರಳೆ ಲಂಗದ ಮಾಟಗಾತಿ ಪರದೆಯ ಮೇಲೆ ನಡೆಯತೊಡಗಿದಳು. ದೊಡ್ಡವ್ವ ಅವಳ ಮುಖದ ಕಡೆ ನೋಡಲಿಲ್ಲ. ಅವಳ ಕೈಯನ್ನೇ ನೋಡುತ್ತ, ಕುಳಿತಲ್ಲಿಯೇ ತನ್ನ ಎಡಗೈಯನ್ನು ಮೆಲ್ಲಗೆ ತೊಡೆಯ ಮೇಲೆ ತಂದಿಟ್ಟಳು.

“ಇನ್ನೊಮ್ಮೆ ಹಚ್ಚು,” ಎಂದಳು.